ಹಿತ್ತಲಿನ ವಾಟೆ ಗುಡ್ಡೆ: ಧಾರವಾಡದ ಒಂದು ಆಪೂಸು ತೋಟದ ನಾಲ್ಕು ಹಂಗಾಮು

ಜೂನ್ ತಿಂಗಳ ಮೊದಲ ವಾರ ಯಜಮಾನರ ಮೊಬೈಲಿಗೆ ಬೆಂಗಳೂರಿನ ಗಿರಾಕಿಯೊಬ್ಬರು ಒಂದು ಸಣ್ಣ ವಿಡಿಯೊ ಕಳಿಸಿದರು. ಕಿಟಕಿಯ ಕಟ್ಟೆಯ ಮೇಲೆ ಚೀಪಿ ತೊಳೆದಿಟ್ಟ ಮಾವಿನ ವಾಟೆ. ಮನೆಯ ಮಗು ಅದನ್ನು ಕುಂಡದಲ್ಲಿ ಊರಬೇಕೆಂದು ಎತ್ತಿಟ್ಟಿತ್ತಂತೆ. ವಾಟೆಯ ಅಂಚಿನಲ್ಲಿ ಒಂದು ತೂತು. ಅದರಿಂದ ಕಪ್ಪು ಹುಳವೊಂದು ಮೊದಲು ಮೂತಿ, ಆಮೇಲೆ ಮೈ ಹೊರಗೆ ಹಾಕಿ, ಕಟ್ಟೆಯ ಮೇಲೆ ಅವಸರವಿಲ್ಲದೆ ನಡೆದು ಹೋಗುತ್ತದೆ. ಹಿಂದಿನಿಂದ ಮಗು ಚೀರುವುದು ಕೇಳಿಸುತ್ತದೆ. ಕೆಳಗೆ ಎರಡೇ ಸಾಲು: ಹಣ್ಣು ರುಚಿಯಾಗಿತ್ತು, ದುಡ್ಡು ವಾಪಸ್ ಬೇಡ, ಮುಂದಿನ ವರ್ಷ ಪೆಟ್ಟಿಗೆ ಕಳಿಸಬೇಡಿ.

ಈ ಪ್ರಕರಣ ಶುರುವಾದದ್ದು ಅಲ್ಲಿಂದ. ಬೆಳೆಗಾರರ ಗುಂಪುಗಳ ಜೊತೆ ಓಡಾಡುವುದು ನನ್ನ ಕೆಲಸ. ಈ ತೋಟದ ಜೊತೆ ನಾಲ್ಕು ಹಂಗಾಮು ಓಡಾಡಿದೆ. ಊರಿನ ಹೆಸರು, ಮನೆತನ ಹೇಳುವುದಿಲ್ಲ, ಗುರುತು ಹತ್ತಬಾರದೆಂದು ಮರಗಳ ಲೆಕ್ಕವನ್ನೂ ತುಸು ಬದಲಿಸಿದ್ದೇನೆ. ತೋಟದ ಒಡೆಯರು ಇಲ್ಲಿ ಯಜಮಾನರು. ಅವರ ತಾಯಿಯನ್ನು ಮನೆಯ ಮೊಮ್ಮಕ್ಕಳ ಹಾಗೆ ನಾನೂ ಆಯಿ ಎನ್ನುತ್ತೇನೆ. ಪೆಟ್ಟಿಗೆ ವ್ಯಾಪಾರ ಶುರು ಮಾಡಿದ್ದು ಯಜಮಾನರ ಮಗ.

ತೋಟ ಮತ್ತು ಮನೆ

ಧಾರವಾಡ ತಾಲೂಕಿನ ಮಸಾರಿ ನೆಲ, ಸುಮಾರು ಇನ್ನೂರು ಆಪೂಸು ಮರ. ನಡುವೆ ಒಂದು ಹಳ್ಳ. ಹಳ್ಳದ ಈಚೆ ಯಜಮಾನರ ತಂದೆ ಹಚ್ಚಿದ ಹಳೆಯ ಮರಗಳು, ತೊಗಟೆ ಎದ್ದು ಪದರು ಪದರಾಗಿ ನಿಂತಂಥವು. ಕೆಲವಕ್ಕೆ ಬಂದಳಿಕೆಯೂ ಹತ್ತಿದೆ. ಆಚೆ ಹನ್ನೆರಡು ವರ್ಷದ ಕಸಿ ಗಿಡಗಳು, ಇನ್ನೂ ನುಣುಪು ಮೈ. ಒಡ್ಡಿನ ಮೇಲೆ ಮೂರು ಜವಾರಿ ಮರ, ಮನೆಯ ಉಪ್ಪಿನಕಾಯಿಗೆ ಮೀಸಲು. ತೋಟದ ನಡುವೆಯೇ ಕಲ್ಲುಗೋಡೆಯ ಮನೆ, ಅದರ ಹಿಂದೆ ಹಿತ್ತಲು, ದನದ ಕೊಟ್ಟಿಗೆ, ತಿಪ್ಪೆ.

ಮೊದಲೆಲ್ಲ ಹೂ ಬಿಟ್ಟಾಗಲೇ ತೋಟವನ್ನು ಗುತ್ತಿಗೆಗೆ ಕೊಟ್ಟುಬಿಡುತ್ತಿದ್ದರು. ಕಾಯಿ ಕೆಟ್ಟರೂ ಕೊಳೆತರೂ ಗುತ್ತಿಗೆದಾರನ ಪಾಡು. ಹಣ್ಣಿನೊಳಗೆ ಏನಿದೆ ಎಂದು ಈ ಮನೆಯವರು ಮೂವತ್ತು ವರ್ಷ ನೋಡಲೇ ಇಲ್ಲ, ನೋಡುವ ಪ್ರಸಂಗವೂ ಬರಲಿಲ್ಲ. ಮಗ ನೇರವಾಗಿ ಗಿರಾಕಿಗೆ ಪೆಟ್ಟಿಗೆ ಕಳಿಸಲು ಶುರು ಮಾಡಿದ ಮೇಲೆ ದೂರು ನೇರವಾಗಿ ಮನೆಗೇ ಬರತೊಡಗಿತು. ಹುಳ ಹೊಸದಲ್ಲ, ದೂರು ಹೊಸದು. ಇದು ನನಗೆ ತಿಳಿಯಲು ಒಂದೂವರೆ ವರ್ಷ ಹಿಡಿಯಿತು.

ನಾನು ಮಾಡಿದ ಮೊದಲ ತಪ್ಪು

ಯಜಮಾನರು ಫೋನಿನಲ್ಲಿ 'ಹಣ್ಣಿನ್ಯಾಗ ಹುಳ ಬಂದೈತಿ ತಮ್ಮಾ' ಅಂದರು. ಹುಳ ಎಂದರೆ ಹಣ್ಣಿನ ನೊಣದ ಹುಳವೇ ಇರಬೇಕು ಎಂದು ನಾನು ಕುಳಿತಲ್ಲೇ ತೀರ್ಮಾನಿಸಿದೆ. ವಿಡಿಯೊ ಆಗ ನೋಡಿರಲಿಲ್ಲ, ಕೇಳಲೂ ಇಲ್ಲ. ಮಾರ್ಚಿಗೆ ಮೋಹಕ ಬಲೆ ಕಟ್ಟಿ, ಏಪ್ರಿಲ್ ಮಧ್ಯದಲ್ಲಿ ಒಂದು ಔಷಧ ಹೊಡೆಯಿರಿ ಎಂದು ಹೇಳಿ ಕೈ ತೊಳೆದುಕೊಂಡೆ.

ಎರಡನೆಯ ಹಂಗಾಮಿನಲ್ಲಿ ಅವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದರು. ನೊಣವನ್ನು ವಾಸನೆಯಿಂದ ಸೆಳೆಯುವ ಮಿಥೈಲ್ ಯೂಜಿನಾಲ್ ಹಚ್ಚಿದ ಬಲೆಗಳಲ್ಲಿ ನೊಣ ಮುಷ್ಟಿಗಟ್ಟಲೆ ಬಿದ್ದವು. ಯಜಮಾನರು ಬಲೆಯ ಡಬ್ಬಿ ಅಲ್ಲಾಡಿಸಿ ತೋರಿಸುವಾಗ ಅವರ ಮುಖದಲ್ಲಿ ಹೊಲಕ್ಕೆ ಹೊಕ್ಕ ಕಳ್ಳನನ್ನು ಹಿಡಿದ ಸಂತೋಷವಿತ್ತು. ನನಗೂ ಖುಷಿಯೇ. ಆ ವರ್ಷ ಫಸಲೂ ಚೆನ್ನಾಗಿತ್ತು, ಹಳೆಯ ಮರಕ್ಕೆ ಏನಿಲ್ಲೆಂದರೂ ನಾನೂರು ಕಾಯಿ.

ಮೇ ಕೊನೆಗೆ ದೂರು ಮತ್ತೆ ಬಂತು. ಈ ಸಲ ಒಂದಲ್ಲ, ಏಳು.

'ಬಲಿ ತುಂಬ ನೊಣ ಬಿದ್ದಾವ, ಮತ್ತ ಈ ಹುಳ ಎಲ್ಲಿಂದ ಬರತೈತಿ?' ಎಂದು ಯಜಮಾನರು ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಮರುದಿನವೇ ತೋಟಕ್ಕೆ ಹೋದೆ. ಮೊದಲ ವರ್ಷವೇ ಮಾಡಬೇಕಾಗಿದ್ದ ಕೆಲಸವನ್ನು ಅಂದು ಮಾಡಿದೆ: ದೂರು ಬಂದ ರಾಶಿಯಿಂದ ಹಣ್ಣು ತಂದು ಕುಯ್ದು ಸಾಲಾಗಿ ಇಟ್ಟೆವು.

ನೋಡಿದರೆ ಅಲ್ಲಿ ಇದ್ದದ್ದು ಒಂದು ರೋಗವಲ್ಲ, ಮೂರು. ಕೆಲವು ಹಣ್ಣಿನ ತಿರುಳಿನಲ್ಲಿ ಬಿಳಿ ಹುಳ ಜಿಗಿಯುತ್ತಿದ್ದವು. ಅದು ಹಣ್ಣಿನ ನೊಣ, ಬಲೆಯಿಂದ ಬಹಳ ಕಡಿಮೆಯಾಗಿತ್ತು. ಇನ್ನು ಕೆಲವು ಹೊರಗೆ ಚಂದ, ಒಳಗೆ ತಿರುಳು ಬೆಳ್ಳಗೆ, ಹುಳಿ, ಸ್ಪಂಜಿನಂತೆ ಟೊಳ್ಳು. ಅದು ಆಪೂಸಿಗೆ ಅಂಟಿಕೊಂಡೇ ಬಂದ ಸ್ಪಾಂಜಿ ಟಿಶ್ಯೂ. ಅದರಲ್ಲಿ ಯಾವ ಕೀಟದ ಕೈವಾಡವೂ ಇಲ್ಲ, ಹಣ್ಣು ಮರದಲ್ಲಿರುವಾಗಲೇ ಒಳಗಿನ ಬೀಜ ಮೊಳಕೆಯ ತಯಾರಿಗೆ ಇಳಿಯುವುದರಿಂದ ಆಗುವಂಥದ್ದು. ಮೂರನೆಯ ಗುಂಪಿನ ಹಣ್ಣಿಗೆ ಮಾತ್ರ ಯಾವ ದೋಷವೂ ಕಾಣಲಿಲ್ಲ. ತಿರುಳು ಕೆಂಪು ಕೇಸರಿ, ಚೊಕ್ಕ. ಅವುಗಳ ವಾಟೆಯನ್ನು ಸಿಕೇಚರ್‌ನಿಂದ, ಅಂದರೆ ಕೊಂಬೆ ಕತ್ತರಿಸುವ ಕತ್ತರಿಯಿಂದ, ಅಂಚು ಹಿಡಿದು ಸೀಳಿದಾಗ ಗೊತ್ತಾಯಿತು.

ವಾಟೆಯ ಒಳಗೆ

ಒಳಗಿನ ಬೀಜ ಇರಬೇಕಾದ ಜಾಗದಲ್ಲಿ ಕಾಫಿಪುಡಿಯಂಥ ಕಪ್ಪು ಹಿಟ್ಟು. ಅದರ ನಡುವೆ ಹುಳಕ್ಕೆ ಅಳತೆ ತೆಗೆದು ಹೊಲಿಸಿದಂಥ ಗೂಡು. ಗೂಡಿನಲ್ಲಿ ಒಂದೇ ಹುಳ, ಸುಮಾರು 8 ಮಿಲಿಮೀಟರ್, ಕಪ್ಪು ಕಂದು ಮೈಮೇಲೆ ಬೂದು ಹಳದಿ ಮಚ್ಚೆ. ಅಂಗೈಗೆ ಸುರುವಿಕೊಂಡೆ. ಮೂತಿಯನ್ನು ಎದೆಯ ಕೆಳಗೆ ಮಡಚಿ, ಆರೂ ಕಾಲು ಒಳಗೆಳೆದು, ಕರಿ ಬೇಳೆಯ ಹಾಗೆ ಬಿದ್ದುಕೊಂಡಿತು. ಸತ್ತಿದೆ ಎಂದು ಮಗ ಅಂದ. ಕೈ ಅಲ್ಲಾಡಿಸದೆ ಕಾದೆವು. ಸ್ವಲ್ಪ ಹೊತ್ತಿಗೆ ಒಂದು ಕಾಲು ನೀಡಿತು, ಆಮೇಲೆ ಇನ್ನೊಂದು, ಆಮೇಲೆ ಮೂತಿ ಬಿಚ್ಚಿ ನನ್ನ ಹೆಬ್ಬೆರಳ ಬುಡದತ್ತ ನಡೆಯತೊಡಗಿತು.

ಇದು ಮಾವಿನ ವಾಟೆ ಹುಳ, ಮೂತಿ ಹುಳಗಳ ಜಾತಿಯದು. ವಿಜ್ಞಾನದ ಹೆಸರು ಸ್ಟರ್ನೊಕೀಟಸ್ ಮ್ಯಾಂಜಿಫೆರೆ. ಡೆನ್ಮಾರ್ಕಿನ ಫ್ಯಾಬ್ರಿಶಿಯಸ್ 1775ರಲ್ಲೇ ಇದಕ್ಕೆ ಹೆಸರಿಟ್ಟಿದ್ದರು. ಹೊರದೇಶದಿಂದ ಬಂದ ಪೀಡೆಯಲ್ಲ. ಮಾವು ಎಲ್ಲಿಯದೋ ಇದೂ ಅಲ್ಲಿಯದೇ, ನಮ್ಮದೇ. ಆಫ್ರಿಕಾ, ಆಸ್ಟ್ರೇಲಿಯಾ, ಹವಾಯಿಗಳಿಗೆ ಹೋದದ್ದು ನಮ್ಮ ಕಡೆಯ ಮಾವಿನ ವಾಟೆಯೊಳಗೆ ಕುಳಿತು. ರೆಕ್ಕೆ ಇದೆ, ಹಾರಬಲ್ಲದು ಕೂಡ, ಆದರೆ ಹಾರಾಟ ಇದರ ಕಸುಬಲ್ಲ. ದೂರದ ಪಯಣವೆಲ್ಲ ಮನುಷ್ಯರ ಚೀಲ, ಬುಟ್ಟಿಗಳಲ್ಲೇ. ಹುಳದ ಮರಿ ಬೆಳೆಯುವುದು ಮಾವಿನಲ್ಲಿ ಮಾತ್ರ.

ಕಾಯಿ ಗೋಲಿಯಷ್ಟಾದಾಗಿನಿಂದ ಲಿಂಬೆಯಷ್ಟಾಗುವ ತನಕ ಹೆಣ್ಣು ಹುಳ ಸಂಜೆಯ ಮೇಲೆ ಬಂದು ಸಿಪ್ಪೆಯ ಮೇಲೆ ದೋಣಿಯಾಕಾರದ ತಗ್ಗು ಕೆರೆದು ಒಂದೊಂದೇ ಮೊಟ್ಟೆ ಇಡುತ್ತದೆ. ಆಮೇಲೆ ಪಕ್ಕದಲ್ಲೇ ಒಂದು ಅರ್ಧಚಂದ್ರದ ಗಾಯ ಮಾಡುತ್ತದೆ. ಗಾಯದಿಂದ ಸೊನೆ ಒಸರಿ ಮೊಟ್ಟೆಯ ಮೇಲೆ ಹರಿದು ಒಣಗಿ ಮುಚ್ಚಳವಾಗುತ್ತದೆ. ಮರದ ಸೊನೆಯನ್ನೇ ಮೊಟ್ಟೆಗೆ ಹೊದಿಕೆ ಮಾಡುವ ಈ ಜಾಣತನಕ್ಕೆ ನಾನು ಇವತ್ತಿಗೂ ತಲೆದೂಗುತ್ತೇನೆ. ಪ್ರಯೋಗಶಾಲೆಯಲ್ಲಿ ಒಂದು ಹೆಣ್ಣು ದಿನಕ್ಕೆ 15ರವರೆಗೆ, ಮೂರು ತಿಂಗಳಲ್ಲಿ ಸುಮಾರು 300ರವರೆಗೆ ಮೊಟ್ಟೆ ಇಟ್ಟದ್ದಿದೆ. ಐದರಿಂದ ಏಳು ದಿನಕ್ಕೆ ಮರಿ ಹೊರಬಂದು, ಇನ್ನೂ ಮೆತ್ತಗಿರುವ ತಿರುಳು ದಾಟಿ, ಗಟ್ಟಿಯಾಗದ ವಾಟೆಯೊಳಗೆ ಹೊಕ್ಕುಬಿಡುತ್ತದೆ. ಕಾಯಿ ಬೆಳೆದಂತೆ ದಾರಿ ಕೂಡಿಕೊಳ್ಳುತ್ತದೆ, ಸಿಪ್ಪೆಯ ಗಾಯವೂ ಮಾಯುತ್ತದೆ. ಒಳಗೆ ಬೀಜ ತಿಂದು, ಅಲ್ಲೇ ಕೋಶವಾಗಿ, ಸುಮಾರು ಒಂದೂವರೆ ತಿಂಗಳಲ್ಲಿ ಹುಳವಾಗಿ ಕಾಯುತ್ತ ಕೂರುತ್ತದೆ.

ಇದು ಗೊತ್ತಾದ ಕೂಡಲೇ ನಮ್ಮ ಏಪ್ರಿಲ್ ಔಷಧದ ಬೆಲೆಯೂ ಗೊತ್ತಾಯಿತು. ಏಪ್ರಿಲ್ ಮಧ್ಯಕ್ಕೆ ಹುಳದ ಮರಿ ಕಲ್ಲಿನಂಥ ವಾಟೆಯೊಳಗೆ ಬಾಗಿಲು ಹಾಕಿಕೊಂಡಿತ್ತು. ನಾವು ಹೊಡೆದದ್ದು ಮುಚ್ಚಿದ ಮನೆಯ ಗೋಡೆಗೆ. ಬಲೆಗೂ ಇದಕ್ಕೂ ಸಂಬಂಧವೇ ಇಲ್ಲ. ಮಿಥೈಲ್ ಯೂಜಿನಾಲ್ ಕರೆಯುವುದು ಗಂಡು ಹಣ್ಣಿನ ನೊಣವನ್ನು, ಮೂತಿ ಹುಳಕ್ಕೆ ಆ ವಾಸನೆಯಿಂದ ಆಗಬೇಕಾದ್ದೇನೂ ಇಲ್ಲ.

ತಿರುಳು ಕೆಡುವುದಿಲ್ಲ ಅಂದಮೇಲೆ ಏಕಿಷ್ಟು ರಗಳೆ ಎಂದು ಯಜಮಾನರು ಕೇಳಿದರು. ನ್ಯಾಯವಾದ ಪ್ರಶ್ನೆ. ಈಶಾನ್ಯದ ಕಡೆ ಇದೇ ಕುಲದ ಇನ್ನೊಂದು ಹುಳ ತಿರುಳನ್ನೇ ತಿನ್ನುತ್ತದೆ; ನಮ್ಮದು ಆ ಮಟ್ಟಿಗೆ ಸಂಭಾವಿತ. ಆದರೆ ವಾಟೆಯೊಳಗೆ ಹುಳವಿದ್ದರೆ ಹೊರದೇಶ ಒಪ್ಪುವುದಿಲ್ಲ. ಅಮೆರಿಕ ನಮ್ಮ ಮಾವಿಗೆ 2007ರಲ್ಲಿ ಮತ್ತೆ ಬಾಗಿಲು ತೆರೆದಾಗ ಕನಿಷ್ಠ 400 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ) ವಿಕಿರಣ ಕೊಡಿಸಿಯೇ ಕಳಿಸಬೇಕೆಂಬ ಕರಾರು ಹಾಕಿತು. ಅದಕ್ಕೆ ಒಂದು ಕಾರಣ ಈ ಹುಳವೇ. ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್ ಘಟಕದಲ್ಲಿ ಆ ಕೆಲಸ ನಡೆಯಿತು. ಇವರ ಗಿರಾಕಿಗಳು ಅಮೆರಿಕದವರಲ್ಲ, ಆದರೆ ಮಗು ಚೀರಿದ ಮನೆಯವರು ಹಣ್ಣು ಕೊಳ್ಳಲು ಯಾವ ಕಾಯ್ದೆಯೂ ಒತ್ತಾಯಿಸುವುದಿಲ್ಲವಲ್ಲ.

ಅಂದೇ ಲೆಕ್ಕ ತೆಗೆದೆವು. ಹಳ್ಳದ ಈಚೆಯ ಹಳೆಯ ಮರಗಳ 60 ವಾಟೆ ಸೀಳಿದೆವು: 26ರಲ್ಲಿ ಹುಳ ಅಥವಾ ಹುಳ ಇದ್ದ ಗುರುತು. ಆಚೆಯ ಎಳೆಯ ಮರಗಳ 60ರಲ್ಲಿ ಐದು. ನಡುವಿನ ಅಂತರ ಒಂದು ಸಣ್ಣ ಹಳ್ಳ, ತಳಿ ಒಂದೇ, ನೆಲ ಒಂದೇ, ಔಷಧವೂ ಒಂದೇ. ಹಾಗಾದರೆ ಈಚೆ ಏನಿದೆ?

ಆಯಿಯ ಕಸಬರಿಗೆ

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತೋಟದಲ್ಲಿ ಅಲ್ಲ, ಅಡುಗೆಮನೆಯ ಹೊಸ್ತಿಲಲ್ಲಿ. ಸೀಳಿದ ವಾಟೆಗಳನ್ನು ಮೊರದಲ್ಲಿ ಹಾಕಿ ಪಡಸಾಲೆಗೆ ತಂದಿಟ್ಟಿದ್ದೆವು. ಆಯಿ ಬಗ್ಗಿ ನೋಡಿ, ಅದರಲ್ಲೇನು ಅಂಥ ವಿಶೇಷ ಎನ್ನುವ ಧಾಟಿಯಲ್ಲಿ ಹೇಳಿದರು:

'ಇವು ಹೊಸಾವೇನಲ್ಲ ತಮ್ಮಾ. ವರ್ಷಾ ಮಳಿ ಹತ್ತಿದ ಮ್ಯಾಲೆ ಹಿತ್ತಲ ಕಡೆಯಿಂದ ಬರ್ತಾವ. ಗ್ವಾಡಿ ಸಂದಿನ್ಯಾಗ, ಕೌದಿ ಮಡಿಕಿನ್ಯಾಗ ಕುಂತಿರ್ತಾವ. ಕಸಬರಿಗಿ ತಾಗಿದ್ರ ಸತ್ತಂಗ ಬೀಳ್ತಾವ, ಹೊಳ್ಳಿ ನೋಡೂದ್ರಾಗ ಮಾಯ.'

ಹಿತ್ತಲಿಗೆ ಹೋದೆವು. ದೊಡ್ಡ ಮನೆ, ಬೇಸಿಗೆಗೆ ಹೆಣ್ಣುಮಕ್ಕಳು ತವರಿಗೆ ಬಂದರೆಂದರೆ ದಿನಾ ಸೀಕರಣಿ. ಚೀಪಿದ ವಾಟೆಯೆಲ್ಲ ತಿಪ್ಪೆಯ ಪಕ್ಕ ಗುಡ್ಡೆ. ಗಿರಾಕಿಗೆ ಕಳಿಸಲಾಗದ ಪೆಟ್ಟು ತಿಂದ ಹಣ್ಣು, ಗಾಳಿಗೆ ಉದುರಿದ ಕಾಯಿ, ಎಲ್ಲವೂ ಅಲ್ಲಿಗೇ. ಅದು ಸಾಲದೆಂದು ಮಗ ಕಸಿಗೆ ಬೇಕಾದ ಬೇರುಸಸಿ ಬೆಳೆಸಲು ಹುಬ್ಬಳ್ಳಿಯ ಒಂದು ಜ್ಯೂಸ್ ಅಂಗಡಿಯಿಂದ ಚೀಲಗಟ್ಟಲೆ ವಾಟೆ ತರುತ್ತಿದ್ದ. ಊರಿ ಉಳಿದ ಅರ್ಧ ಚೀಲ ಅಲ್ಲೇ ಬಿದ್ದಿರುತ್ತಿತ್ತು. ಎಷ್ಟೋ ಊರಿನ ಹುಳ ಒಂದೇ ಗುಡ್ಡೆಯಲ್ಲಿ. ಮಳೆ ಬಿದ್ದು ವಾಟೆ ಮೆತ್ತಗಾದಾಗ ಹುಳಗಳು ತೂತು ಕೊರೆದು ಹೊರಬಂದು, ಹತ್ತಿರದ ಮರ, ಕಲ್ಲುಗೋಡೆ, ಒಡ್ಡಿನ ಸಂದು ಸೇರುತ್ತಿದ್ದವು. ವರ್ಷಕ್ಕೆ ಒಂದೇ ಪೀಳಿಗೆ. ಮುಂದಿನ ಕಾಯಿ ಬರುವ ತನಕ ಅಲ್ಲೇ ವಾಸ. ಕೆಲವು ಎರಡು ವರ್ಷದವರೆಗೂ ಬದುಕುತ್ತವೆ.

ಹುಳ ಹಣ್ಣಿನಲ್ಲಿರುವುದು ಬೇಸಿಗೆಯ ಕೆಲವು ವಾರ. ಉಳಿದ ವರ್ಷವೆಲ್ಲ ಅದು ಇರುವುದು ಮನೆಯ ಸುತ್ತ. ನಾವು ಹಣ್ಣಿನ ಮೇಲೆ ಕಣ್ಣು ನೆಟ್ಟು ಕುಳಿತಿದ್ದೆವು.

ಧೋತರ ಹಾಸಿ ಎಣಿಸಿದ್ದು

ಆಯಿಯ ಮಾತನ್ನು ಪರೀಕ್ಷೆ ಮಾಡದೆ ನಂಬಲು ನನಗೆ ಧೈರ್ಯವಾಗಲಿಲ್ಲ. ಒಮ್ಮೆ ಕೈ ಸುಟ್ಟುಕೊಂಡವ. ದೀಪಾವಳಿ ಮುಗಿದ ಮೇಲೆ ಯಜಮಾನರ ಹಳೆಯ ಬಿಳಿ ಧೋತರವನ್ನು ಮರದ ಬುಡಕ್ಕೆ ಹಾಸಿ, ಮೊಂಡು ಕುರ್ಪಿಯಿಂದ ಎದ್ದ ತೊಗಟೆಯನ್ನು ಮೆಲ್ಲಗೆ ಕೆರೆದೆವು. ಮನೆಗೆ ಹತ್ತಿರದ ಮರಗಳಲ್ಲಿ ಒಂದೊಂದು ಕವಲಿನ ಸಂದಿಯಿಂದ ಮೂರು, ಐದು, ಒಮ್ಮೆ ಒಂಬತ್ತು ಹುಳ ಟಪಟಪ ಉದುರಿದವು. ಬಂದಳಿಕೆ ಮರಕ್ಕೆ ಅಂಟಿಕೊಂಡ ಗಂಟಿನ ಅಡಿಯಲ್ಲೂ ಇದ್ದವು. ಹಳ್ಳದ ಆಚೆಯ ನುಣುಪು ಮರಗಳಲ್ಲಿ ಅರ್ಧ ದಿನ ಕೆರೆದು ಸಿಕ್ಕಿದ್ದು ಎರಡು. ಅವಿತುಕೊಳ್ಳಲು ಜಾಗವಿಲ್ಲದ ಮನೆಯಲ್ಲಿ ಯಾರು ಇರುತ್ತಾರೆ?

ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಒಡ್ಡಿನ ಮೂರು ಜವಾರಿ ಮರಗಳಲ್ಲಿ. ಅವುಗಳ ಕಾಯಿಯನ್ನು ಉಪ್ಪಿನಕಾಯಿಗೆ ಬೇಕಾದಷ್ಟು ಕಿತ್ತು ಉಳಿದದ್ದು ಉದುರಿ ಅಲ್ಲೇ ಕೊಳೆಯುತ್ತಿತ್ತು. ಹಿತ್ತಲಿನ ಗುಡ್ಡೆ ಒಂದಾದರೆ ಇದು ಇನ್ನೊಂದು ಗುಡ್ಡೆ, ಯಾರೂ ಗುಡ್ಡೆ ಎಂದು ಕರೆಯದ್ದು.

ಮಗನ ಮಾತು ನೇರ: 'ಆ ಮೂರು ಮರಾ ಕಡದ್ರ ಅರ್ಧಾ ಪೀಡಾ ಹೋಗತೈತಿ.' ಆಯಿ ಹೊರಗೆ ಬಂದು ಕೇಳಿದರು, 'ಕಡದು? ಪ್ಯಾಟ್ಯಾಗಿಂದ ಬಾಟ್ಲಿ ಉಪ್ಪಿನಕಾಯಿ ತಂದು ನಿನ್ನ ತಾಟಿಗೆ ಹಾಕ್ಲೇನು?' ಯಜಮಾನರು ಇಬ್ಬರ ನಡುವೆ ಸುಮ್ಮನೆ ಕುಳಿತರು. ನನ್ನ ಅಭಿಪ್ರಾಯ ಕೇಳಿದಾಗ ನಾನು ಆಯಿಯ ಕಡೆ ನಿಂತೆ. ಪ್ರೀತಿಗೆ ಅಲ್ಲ. ಮರ ಕಡಿದರೆ ತೊಗಟೆಯ ಹುಳ ಸಾಯುವುದಿಲ್ಲ, ನಡೆದು ಪಕ್ಕದ ಆಪೂಸಿಗೆ ಹೋಗುತ್ತದೆ. ಅದರ ಮೇಲೆ ಆ ಮೂರು ಮರಗಳಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಇರುವೆಗಳು ದಂಡಾಗಿದ್ದವು. ಉತ್ತರ ಆಸ್ಟ್ರೇಲಿಯಾದ ತೋಟಗಳಲ್ಲಿ ಈ ಇರುವೆ ಇರುವ ಮಾವಿನ ಮರಗಳಲ್ಲಿ ವಾಟೆ ಹುಳದ ಹಾವಳಿ ಕಡಿಮೆ ಇದ್ದದ್ದು ದಾಖಲಾಗಿದೆ. ಕೊಯ್ಲಿನವರು ಕಚ್ಚಿಸಿಕೊಳ್ಳಲಾರದೆ ಆಪೂಸು ಮರದ ಗೂಡುಗಳಿಗೆ ಪ್ರತಿ ವರ್ಷ ದೀವಟಿಗೆ ಹಿಡಿಯುತ್ತಿದ್ದರು. ಜವಾರಿ ಮರಕ್ಕೆ ಹತ್ತುವವರು ಕಡಿಮೆ, ಆದ್ದರಿಂದ ಅಲ್ಲಿ ಉಳಿದಿದ್ದವು.

ಮರ ಉಳಿಯಿತು. ಆದರೆ ಷರತ್ತಿನ ಮೇಲೆ: ಒಂದು ಕಾಯಿಯೂ ಬುಡದಲ್ಲಿ ಕೊಳೆಯಬಾರದು.

ಬೆಳೆ ಇಲ್ಲದ ವರ್ಷ

ಮೂರನೆಯ ಹಂಗಾಮಿಗೆ ತಯಾರಿ ಬೇರೆ ರೀತಿ ಆಯಿತು. ಚಳಿಗಾಲದಲ್ಲೇ ಬಂದಳಿಕೆ ಕಡಿದು, ಸಡಿಲ ತೊಗಟೆ ಕೆರೆದು, ಧೋತರಕ್ಕೆ ಬಿದ್ದದ್ದನ್ನು ಸುಟ್ಟೆವು. ಹಿತ್ತಲಿನ ಗುಡ್ಡೆ ಬಗೆದು ತೆಗೆದೆವು. ಔಷಧ ಒಂದೇ ಸಲ, ಕಾಯಿ ಗೋಲಿ ಗಾತ್ರಕ್ಕೆ ಬಂದಾಗ, ಸಂಜೆ, ಹೂವಿಗೆ ಬರುವ ಜೇನು ಪೂರ್ತಿ ನಿಂತ ಮೇಲೆ, ಡೆಲ್ಟಾಮೆಥ್ರಿನ್ ಬಳಸಿದೆವು. ಪ್ರತಿ ಮೂರು ದಿನಕ್ಕೊಮ್ಮೆ ಮಗ ಮಿಡಿಗಳನ್ನು ಕೈಯಲ್ಲಿ ಹಿಡಿದು, ಸೊನೆಯ ಹನಿ ಒಣಗಿದ ಅರ್ಧಚಂದ್ರದ ಗುರುತು ಹುಡುಕುತ್ತಿದ್ದ. ಉಗುರಿನಿಂದ ಕೆದಕಿದರೆ ಕೆಳಗೆ ಮೊಟ್ಟೆ ಕಾಣುತ್ತದೆ, ಸಾಬೂದಾಣಿಯ ಚೂರಿನ ಹಾಗೆ. ಒಮ್ಮೆ ಕಂಡರೆ ಸಾಕು, ಆಮೇಲೆ ಕಣ್ಣು ತಪ್ಪಿಸುವುದಿಲ್ಲ.

ಹತ್ತು ಮರಕ್ಕೆ ಔಷಧ ಹೊಡೆಯದೆ ಬಿಡೋಣ, ಹೋಲಿಸಿ ನೋಡಬಹುದು ಎಂದು ನಾನು ಕೇಳಿದ್ದೆ. ಯಜಮಾನರು ಒಪ್ಪಲಿಲ್ಲ. ತಮ್ಮ ಅನ್ನದ ಮೇಲೆ ನನ್ನ ಪ್ರಯೋಗವೇ ಎಂದು ಅವರು ಬಾಯಿಬಿಟ್ಟು ಅನ್ನಲಿಲ್ಲ, ಆದರೆ ಮುಖ ಅಂದಿತು. ಆದ್ದರಿಂದ ಔಷಧದಿಂದ ಎಷ್ಟು, ಗುಡ್ಡೆ ತೆಗೆದದ್ದರಿಂದ ಎಷ್ಟು ಎಂದು ಈ ಪ್ರಕರಣದಿಂದ ಬಿಡಿಸಿ ಹೇಳಲು ಬರುವುದಿಲ್ಲ. ಇಂಥದ್ದನ್ನು ಮತ್ತೆ ಮಾಡುವುದಾದರೆ ಮೊದಲ ದಿನವೇ ಆ ಹತ್ತು ಮರದ ಕಾಯಿಗೆ ದುಡ್ಡು ಕೊಟ್ಟು ಕೊಂಡುಬಿಡುತ್ತೇನೆ.

ಆಪೂಸು ಒಂದು ವರ್ಷ ಕೊಟ್ಟರೆ ಮರುವರ್ಷ ಮುನಿಯುವ ಮರ. ಆ ವರ್ಷ ಹಳೆಯ ಮರಗಳಲ್ಲಿ ನೂರರ ಆಸುಪಾಸು ಕಾಯಿ. ಮೇ ಬಂದಾಗ ಅದೇ ಮರಗಳ 60 ವಾಟೆ ಸೀಳಿದೆವು. 31ರಲ್ಲಿ ಹುಳ.

ಹಿಂದಿನ ವರ್ಷಕ್ಕಿಂತ ಹೆಚ್ಚು! ಮಗ ಸಿಕೇಚರ್ ಕೆಳಗಿಟ್ಟು ಎದ್ದು ಹೋದ. ತೋಟವನ್ನು ಮತ್ತೆ ಗುತ್ತಿಗೆಗೆ ಕೊಡೋಣ ಎಂಬ ಮಾತು ಆ ರಾತ್ರಿ ಊಟದ ಹೊತ್ತಿಗೆ ಬಂತು. ಒಬ್ಬ ಗುತ್ತಿಗೆದಾರ ಮುಂಗಡದ ಮಾತೂ ಆಡಿ ಹೋಗಿದ್ದ. ಈ ಪ್ರಕರಣ ಅಲ್ಲಿಗೇ ಮುಗಿದು, 'ಎಲ್ಲಾ ಮಾಡಿ ನೋಡಿದ್ವಿ, ಏನೂ ಆಗಲಿಲ್ಲ' ಎಂಬ ಪಟ್ಟಿಗೆ ಸೇರಬೇಕಾಗಿತ್ತು.

ಉಳಿಸಿದ್ದು ಕೈಬರಹದ ಲೆಕ್ಕ. ಹಾಲಿನ ಚೀಟಿಯ ಹಿಂದೆ ಬರೆದು ಯಜಮಾನರ ಮುಂದಿಟ್ಟೆ. ಹಿಂದಿನ ವರ್ಷ ಮರಕ್ಕೆ ನಾನೂರು ಕಾಯಿ, 60ಕ್ಕೆ 26ರ ಲೆಕ್ಕದಲ್ಲಿ ಒಂದು ಮರದಿಂದ ಹುಳ ಸುಮಾರು 170. ಈ ವರ್ಷ ನೂರು ಕಾಯಿ, 60ಕ್ಕೆ 31, ಅಂದರೆ 50ರ ಹತ್ತಿರ. ಬುಟ್ಟಿ ಸಣ್ಣದಾದ್ದರಿಂದ ಹುಳ ಒತ್ತಾಗಿ ಕಂಡಿತು, ಒಟ್ಟು ಹುಟ್ಟಿದ್ದು ಮೂರನೆಯ ಒಂದು ಪಾಲಿಗಿಂತ ಕಡಿಮೆ. ಹಳೆಯ ಹುಳಗಳಿಗೆ ಮೊಟ್ಟೆ ಇಡಲು ಕಾಯಿಯೇ ಸಾಲದ ವರ್ಷ ಅದು. ಅಂಥ ವರ್ಷ ಉದುರಿದ ಪ್ರತಿಯೊಂದು ಕಾಯಿಯನ್ನೂ ಹೆಕ್ಕಬಹುದು, ನೂರು ಕಾಯಿಗೆ ಎಷ್ಟು ಕೂಲಿ ಬೇಕು? ಬೆಳೆ ಬಾರದ ವರ್ಷ ಯಾರೂ ತೋಟದ ಕಡೆ ತಿರುಗಿ ನೋಡುವುದಿಲ್ಲ. ನನ್ನ ಮಟ್ಟಿಗೆ ಹುಳದ ಕೊರಳು ಕೈಗೆ ಸಿಗುವುದು ಆ ವರ್ಷವೇ. ಯಜಮಾನರು ಚೀಟಿಯನ್ನು ಎರಡು ಸಲ ತಿರುವಿ ನೋಡಿ ಗುತ್ತಿಗೆದಾರನಿಗೆ ಫೋನ್ ಮಾಡಿ ಬೇಡವೆಂದರು.

ಡ್ರಮ್ಮಿನ ಮುಚ್ಚಳ

ಹೆಕ್ಕಿದ ಕಾಯಿ, ತಿಂದ ವಾಟೆ ಏನು ಮಾಡಬೇಕು ಎನ್ನುವುದರಲ್ಲೂ ಒಂದು ಎಡವಟ್ಟು ಆಗಿತ್ತು. ಒಣಗಿದ ವಾಟೆ ಚೆನ್ನಾಗಿ ಉರಿಯುತ್ತದೆ, ಬಚ್ಚಲ ಒಲೆಗೆ ಒಳ್ಳೆಯ ಸೌದೆ ಎಂದು ಆಯಿ ಅಂಗಳದಲ್ಲಿ ಹರವಿ ಒಣಗಿಸಿದ್ದರು. ಬಿಸಿಲು ಸಾಲದೆ ರೋಹಿಣಿ ಮಳೆ ಹಿಡಿಯಿತು, ಒಲೆಗೆ ಹೋಗುವ ಮೊದಲೇ ಒಂದಷ್ಟು ಹುಳ ಎದ್ದು ನಡೆದವು. ಆಮೇಲೆ ಮುಚ್ಚಳ ಬಿಗಿಯಾಗಿ ಕೂರುವ ಎರಡು ಪ್ಲಾಸ್ಟಿಕ್ ಡ್ರಮ್ಮು ತಂದರು. ಅಡುಗೆಮನೆಯ ವಾಟೆ ಸಂಜೆಗೆ ಡ್ರಮ್ಮಿಗೆ. ಉದುರಿದ ಕಾಯಿ ತೋಟದ ಮೂಲೆಯ ಆಳದ ಗುಂಡಿಗೆ, ಮೇಲೆ ಮಣ್ಣು. ಡ್ರಮ್ಮಿನದು ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವಾಗಿ ಹಂಡೆಯ ಕೆಳಗೆ ಉರಿದು ಬಿಸಿನೀರಾಯಿತು. ಮುಚ್ಚಳ ತೆಗೆದ ಮೊದಲ ದಿನ ಅದರ ಒಳಮೈಗೆ ಹುಳಗಳು ಹುಣಸೆ ಬೀಜ ಅಂಟಿಸಿದ ಹಾಗೆ ಕಚ್ಚಿಕೊಂಡಿದ್ದವು. ಅದನ್ನು ಕಂಡ ಮೇಲೆ ಮನೆಯಲ್ಲಿ ಯಾರಿಗೂ ಮತ್ತೆ ಹೇಳಬೇಕಾಗಲಿಲ್ಲ.

ಮಗ ಜ್ಯೂಸ್ ಅಂಗಡಿಯ ಚೀಲ ನಿಲ್ಲಿಸಲಿಲ್ಲ, ರೀತಿ ಬದಲಿಸಿದ. ಮಾವಿನ ಬೀಜ ಒಣಗಿದರೆ ಮೊಳೆಯುವುದಿಲ್ಲ, ತಂದ ಕೂಡಲೇ ಹಚ್ಚಬೇಕು. ಈಗ ವಾಟೆಯ ಗಟ್ಟಿ ಸಿಪ್ಪೆ ಬಿಡಿಸಿ ಒಳಬೀಜ ಮಾತ್ರ ಊರುತ್ತಾನೆ. ಹುಳ ತಿಂದದ್ದು ಅಲ್ಲೇ ಗೊತ್ತಾಗಿ ಬೆಂಕಿಗೆ ಹೋಗುತ್ತದೆ, ಒಳ್ಳೆಯದು ಬೇಗ ಮೊಳೆತು ಸಸಿ ನೆಟ್ಟಗೆ ಬರುತ್ತದೆ. ಸಿಪ್ಪೆ ಬಿಡಿಸುವ ಕೂಲಿ ಹೆಚ್ಚಾಯಿತೆಂದು ಗೊಣಗುತ್ತಲೇ ಮಾಡುತ್ತಾನೆ.

ಪಕ್ಕದ ತೋಟ ಗುತ್ತಿಗೆಯದು. ಅಲ್ಲಿಯ ಗುತ್ತಿಗೆದಾರನಿಗೆ ಮುಂದಿನ ವರ್ಷದ ಚಿಂತೆ ಇಲ್ಲ, ಉದುರಿದ್ದನ್ನು ಹೆಕ್ಕು ಎಂದರೆ ನಗುತ್ತಾನೆ. ಯಜಮಾನರು ಬೇಲಿಯ ಸಾಲಿನ ಮರಗಳ ಬುಡವನ್ನು ತಮ್ಮ ಆಳುಗಳಿಂದಲೇ ಹೆಕ್ಕಿಸಿದರು. ನ್ಯಾಯ ಅಲ್ಲ, ಆದರೆ ಹುಳ ಹೆಚ್ಚು ದೂರ ಹಾರುವುದಿಲ್ಲ ಎನ್ನುವುದು ಇಲ್ಲಿ ಅನುಕೂಲಕ್ಕೆ ಬಂತು. ಎರಡು ಸಾಲು ಹೆಕ್ಕಿದರೂ ಫಲವಿತ್ತು.

ನಾಲ್ಕನೆಯ ಹಂಗಾಮು

ಫಸಲು ಮತ್ತೆ ತುಂಬಿ ಬಂತು. ಹಳೆಯ ಮರಗಳ 60 ವಾಟೆಗೆ ಒಂಬತ್ತು ಹುಳ. ಕಾಯಿ ಹೆಚ್ಚಿದ್ದಾಗ ಹುಳ ತೆಳುವಾಗಿ ಕಾಣುತ್ತದೆ, ಆದ್ದರಿಂದ ಇದನ್ನು ಹಿಂದಿನ ವರ್ಷದ 31ಕ್ಕೆ ಹೋಲಿಸುವಂತಿಲ್ಲ. ಫಸಲು ತುಂಬಿದ್ದ ಎರಡನೆಯ ವರ್ಷದ 26ಕ್ಕೆ ಹೋಲಿಸಬೇಕು. ಹಾಗೆ ನೋಡಿದರೂ ಮೂರರಲ್ಲಿ ಒಂದು ಪಾಲು. ಆಚೆಯ ಎಳೆಯ ಮರಗಳಲ್ಲಿ ನಾಲ್ಕು, ಅಂದರೆ ಇದ್ದಲ್ಲೇ ಇದೆ. ಆ ಮರಗಳ ತೊಗಟೆಯೂ ವರ್ಷ ಕಳೆದಂತೆ ಬಿರಿಯುತ್ತದೆ, ಅಲ್ಲಿ ಈಗಿನಿಂದಲೇ ಕಣ್ಣಿಡಿ ಎಂದು ಹೇಳಿದ್ದೇನೆ.

ಗಿರಾಕಿಗಳ ದೂರು ಎರಡಕ್ಕೆ ಇಳಿಯಿತು. ಮಗ ಈಗ ಪೆಟ್ಟಿಗೆಯಲ್ಲಿ ಒಂದು ಚೀಟಿ ಇಡುತ್ತಾನೆ: ವಾಟೆಯೊಳಗೆ ಅಪರೂಪಕ್ಕೆ ಕಪ್ಪು ಹುಳ ಇರಬಹುದು, ತಿರುಳಿಗೆ ಅದು ಬಾಯಿ ಹಾಕಿರುವುದಿಲ್ಲ, ವಾಟೆಯನ್ನು ಹೊರಗೆ ಎಸೆಯದೆ ಬಿಸಿನೀರಿಗೆ ಹಾಕಿ. ಹೀಗೆ ಬರೆದರೆ ಕೊಳ್ಳುವವರು ಓಡಿಹೋಗುತ್ತಾರೆಂದು ನಾನು ಹೆದರಿದ್ದೆ. ಮೊದಲ ವರ್ಷ ವಿಡಿಯೊ ಕಳಿಸಿದ ಮನೆಯವರಿಗೂ ಆ ಚೀಟಿಯ ಫೋಟೊ ಹಾಕಿದ. ಅವರು ಎರಡು ಡಜನ್ ತರಿಸಿಕೊಂಡರು.

ಬೇರೆ ತೋಟದವರು ಕರೆದರೆ ನಾನೀಗ ಮಾಡುವ ಕ್ರಮ ಬೇರೆ. ಹುಳ ಎಂಬ ಮಾತು ಕೇಳಿದ ಕೂಡಲೇ ಔಷಧದ ಹೆಸರು ಹೇಳುವುದಿಲ್ಲ, ಮೊದಲು 60 ವಾಟೆ ಸೀಳಿಸುತ್ತೇನೆ. ಮರಕ್ಕೆ ಎಷ್ಟು ಕಾಯಿ ಇತ್ತು ಎನ್ನುವುದನ್ನು ಅದೇ ಪುಟದಲ್ಲಿ ಬರೆಸುತ್ತೇನೆ. ಆಮೇಲೆ ತೋಟಕ್ಕೆ ಹೋಗುವ ಮೊದಲು ಹಿತ್ತಲು ತೋರಿಸಿ ಎನ್ನುತ್ತೇನೆ, ಮನೆಯಲ್ಲಿ ಕಸ ಗುಡಿಸುವವರು ಯಾರೋ ಅವರನ್ನು ಮಾತಾಡಿಸುತ್ತೇನೆ.

ಹೋದ ಕಾರ್ತಿಕದಲ್ಲಿ ಜವಾರಿ ಮರಗಳ ಕೆಳಗೆ ಮತ್ತೆ ಧೋತರ ಹಾಸಿದೆವು. ಮೂರೂ ಮರ ಸೇರಿ ಹನ್ನೊಂದು ಬಿದ್ದವು. ಆಯಿ ಪಕ್ಕದಲ್ಲೇ ಕುಳಿತು, ಒಂದನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡು, ಅದು ಸತ್ತಂತೆ ನಟಿಸಿ ಮತ್ತೆ ಕಾಲು ನೀಡುವ ತನಕ ಕಾದು ನೋಡಿದರು. ಆಮೇಲೆ ಡ್ರಮ್ಮಿನ ಮುಚ್ಚಳ ತೆಗೆದು ಒಳಗೆ ಹಾಕಿದರು.